ಕಮಿಷನ್ ಎಷ್ಟೆಂದು ಕೇಳಿದವಳು

ಆ ಪ್ರಶ್ನೆಯನ್ನು ನಾನೇ ಅವಳಿಗೆ ಹೇಳಿಕೊಟ್ಟಿದ್ದೆನೋ ಇಲ್ಲವೋ, ಬಹಳ ದಿನ ನನಗೆ ಖಚಿತವಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಆಧಾರವಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವವನು ನಾನು. ಆದರೆ ನನ್ನ ನೆನಪನ್ನೇ ನಂಬಲಾರೆ. ನನಗೆ ಮರ್ಯಾದೆ ಬರುವ ಹಾಗೆ ಅದು ನಡೆದದ್ದನ್ನು ತಿದ್ದಿಡುತ್ತದೆ.

ಬೆಂಗಳೂರಿನ ಜಯನಗರದ ಒಂದು ಹೈಸ್ಕೂಲಿನಲ್ಲಿ ಶನಿವಾರಗಳಂದು ಹತ್ತನೇ ತರಗತಿಗೆ ಹಣಕಾಸಿನ ಪಾಠ ಮಾಡುತ್ತಿದ್ದೆ. ಉಳಿತಾಯ, ಬಡ್ಡಿ, ಸಾಲ, ವಿಮೆ. "ಈ ವಯಸ್ಸಲ್ಲಿ ದುಡ್ಡಿನ ವಿಷಯ ಯಾಕೆ ಸಾರ್? ಮೊದ್ಲು ಮ್ಯಾಥ್ಸ್ ಪಾಸಾಗ್ಲಿ" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಅದೇ ಮಕ್ಕಳಿಗೆ ಹದಿನೆಂಟು ತುಂಬಲಿ, ಸಾಲದ ಆ್ಯಪ್‌ನವರು ಫೋನಿನೊಳಗೇ ಬಂದು ಕೂರುತ್ತಾರೆ. ಅವರು ಯಾರೂ ವಯಸ್ಸಿನ ಮಾತು ಎತ್ತುವುದಿಲ್ಲ.

ಆ ವರ್ಷ ಶಾಲೆಯಲ್ಲಿ ವೃತ್ತಿ ಮಾರ್ಗದರ್ಶನ ದಿನ ಮಾಡಿದರು. ಹಣಕಾಸು ಯೋಜಕರ ಕೆಲಸದ ಬಗ್ಗೆ ಹೇಳಲು ಬಂದವರು ಒಬ್ಬ ವಿಮಾ ಏಜೆಂಟ್. ಅರ್ಧ ಟೀಚರುಗಳ ಮನೆಗೆ ಪಾಲಿಸಿ ಮಾಡಿಸಿಕೊಟ್ಟವರು. ನಮ್ಮ ಕಡೆ ಇಂಥವರನ್ನು ಏಜೆಂಟ್ ಎನ್ನುವುದಿಲ್ಲ, 'ನಮ್ಮೋರು' ಎನ್ನುತ್ತಾರೆ. ಮಾರ್ಚ್ ಬಂತೆಂದರೆ ಮನೆಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಫಾರ್ಮಿನ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಮುಂದಿಡುತ್ತಾರೆ. ಗುರುತು ಇದ್ದಲ್ಲೆಲ್ಲ ಮನೆಯವರು ಸಹಿ ಹಾಕುತ್ತಾರೆ. ಓದಲು ಕೂತರೆ ನಂಬಿಕೆ ಇಲ್ಲ ಎಂದಾಗುತ್ತದೆ. ನಿಮಗೆಷ್ಟು ಸಿಗುತ್ತದೆ ಎಂದು ಕೇಳಿದರಂತೂ ಮುಗಿಯಿತು, ಅವಮಾನ. ನನ್ನ ಅಪ್ಪನೂ ಹಾಗೇ ಸಹಿ ಹಾಕಿದವರು.

ಆ ದಿನ ಬಂದ ಏಜೆಂಟ್ ಚೆನ್ನಾಗಿಯೇ ಮಾತನಾಡಿದರು. ಕೊನೆಗೆ, "ಮುಂದಿನ ಶನಿವಾರ ಎಲ್ರೂ ಅಪ್ಪ ಅಮ್ಮನ್ನ ಕರ್ಕೊಂಡ್ ಬನ್ನಿ, ಸಖತ್ ಪ್ಲಾನ್ ಒಂದಿದೆ" ಎಂದರು.

ಆಗ ಒಬ್ಬ ಹುಡುಗಿ ಎದ್ದು ನಿಂತಳು. ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ಬಾಡಿಗೆ ಮನೆ, ಅಪ್ಪ ಕೊರಿಯರ್ ಆಫೀಸಿನಲ್ಲಿ. ಹಣಕಾಸು ಯೋಜಕಿಯಾಗಬೇಕೆಂದು ನನ್ನ ತರಗತಿಯಲ್ಲಿ ಕೈ ಎತ್ತಿದ್ದವಳು ಅವಳೊಬ್ಬಳೇ.

"ಸರ್, ಒಂದ್ ಪಾಲಿಸಿ ಮಾಡ್ಸಿದ್ರ ನಿಮಗ ಕಮಿಷನ್ ಎಷ್ಟ್ ಬರ್ತದ್ರಿ?"

ಸಭೆ ಗೊಳ್ಳೆಂದಿತು. ಅವರೂ ನಕ್ಕರು. "ಅದು ನಿಂಗ್ಯಾಕಮ್ಮ? ನಿಮ್ಮಪ್ಪನ್ನ ಕಳ್ಸು, ಹೇಳ್ತೀನಿ."

"ಅಪ್ಪ ಕೇಳಂಗಿಲ್ರಿ. ಗುರುತ್ ಹಾಕಿದಲ್ಲೆಲ್ಲಾ ಸೈನ್ ಮಾಡ್ತಾನ. ಅದಕ್ಕ ನಾ ಕೇಳಾಕತ್ತೀನಿ."

ನಗು ನಿಂತಿತು. ಅವರು ವಾಚು ನೋಡಿಕೊಂಡು ಮೈಕ್ ಕೆಳಗಿಟ್ಟರು.

ಮುಖ್ಯೋಪಾಧ್ಯಾಯಿನಿ ಹುಡುಗಿಯನ್ನೂ ನನ್ನನ್ನೂ ಕೋಣೆಗೆ ಕರೆಸಿದರು. "ಕರೆಸಿದೋರಿಗೆ ಹಿಂಗಾ ಕೇಳೋದು? ಸೋಮವಾರ ಪ್ರೇಯರಲ್ಲಿ ಎಲ್ರ ಮುಂದೆ ಕ್ಷಮೆ ಕೇಳ್ಬೇಕು." ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು: "ಇಲ್ಲಾಂದ್ರೆ ನೀವೇ ಹೇಳ್ಕೊಟ್ಟಿದ್ದು ಅಂತ ಒಪ್ಕೊಂಬಿಡಿ ಸಾರ್. ಮಗೂನ ಬಿಟ್ಬಿಡ್ತೀನಿ."

ನಾನು ಒಪ್ಪಿಕೊಳ್ಳಲು ಬಾಯಿ ತೆರೆದೆ. ಯಾವಾಗಲೋ ಪಾಠದ ನಡುವೆ ಹೇಳಿದ್ದರೂ ಹೇಳಿರಬಹುದು ಅನ್ನಿಸಿತ್ತು.

"ಇಲ್ರಿ ಮೇಡಂ, ನಾನ ಕೇಳೀನಿ" ಎಂದಳು ಹುಡುಗಿ. ನನ್ನ ಕಡೆ ತಿರುಗಿ, "ನೀವ್ಯಾಕ್ರಿ ನನ್ ಪ್ರಶ್ನೆ ತಗೋತೀರಿ? ನಾಳೆ ಇದ ಕೆಲ್ಸ ಮಾಡಾಕಿ ನಾನು. ಕೇಳಿದ್ದು ತಪ್ಪಾತು ಅಂತ ಇವತ್ತ ಅಂದ್ರ, ಮುಂದ ಯಾವ ಬಾಯಿಲೆ ಕೇಳ್ಲಿ?" ಎಂದಳು.

"ಹಾಗಾದ್ರೆ ಕ್ಷಮೆ ಇಲ್ಲ ಮೇಡಂ" ಎಂದೆ. "ಅವಳದೂ ಇಲ್ಲ, ನನ್ನದೂ ಇಲ್ಲ."

"ಇಬ್ರಿಗೂ ಕೊಬ್ಬು" ಎಂದರು ಮೇಡಂ.

ಸೋಮವಾರ ಪ್ರೇಯರಿನಲ್ಲಿ ಅವಳನ್ನು ಮುಂದಕ್ಕೆ ಕರೆದರಂತೆ. ಹೋಗಿ ನಿಂತಳು, ಬಾಯಿ ಬಿಡಲಿಲ್ಲ. ಬಿಸಿಲೇರುತ್ತಿತ್ತು, ಕೊನೆಗೆ ಬೆಲ್ ಹೊಡೆಸಿದರು. ಏಜೆಂಟರ ಸಭೆಯೂ ನಡೆಯಿತು, ಸಹಿಗಳೂ ಬಿದ್ದವು. ಅವಳ ಅಪ್ಪ ಮಾತ್ರ ಬರಲಿಲ್ಲ. ಮಗಳು ಬಿಡಲಿಲ್ಲ ಎಂದು ಕೇಳಿದೆ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ, ಪೋರ್ಷನ್ ಮುಗಿದಿಲ್ಲ ಎಂಬ ನೆಪದಲ್ಲಿ ನನ್ನ ಪಾಠ ನಿಲ್ಲಿಸಿದರು. ಈಗ ಬನಶಂಕರಿಯ ಇನ್ನೊಂದು ಶಾಲೆಯಲ್ಲಿ ಮಾಡುತ್ತೇನೆ. ಅಲ್ಲೂ ನಿಲ್ಲಿಸಿದರೆ ಮತ್ತೊಂದು ಶಾಲೆ ಹುಡುಕುತ್ತೇನೆ.

ಈ ಕಥೆಯನ್ನು ಗೆಳೆಯರಿಗೆ ಹೇಳುವಾಗೆಲ್ಲ 'ನನ್ನ ಪಾಠ ಕೇಳಿ ಎದ್ದು ನಿಂತಳು' ಎನ್ನುತ್ತಿದ್ದೆ. 'ನಿಮಗೆ ಕಮಿಷನ್ ಎಷ್ಟು?' ಎಂದು ಬೋರ್ಡಿನ ಮೇಲೆ ಬರೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಪಾಠ ಮುಗಿದ ಮೇಲೆ ಬೋರ್ಡಿನ ಫೋಟೋ ತೆಗೆಯುವ ಅಭ್ಯಾಸ ನನ್ನದು. ಮೊನ್ನೆ ಹಳೆಯ ಫೋನ್ ಚಾರ್ಜಿಗೆ ಹಾಕಿ, ಆ ವೃತ್ತಿ ದಿನದ ಫೋಟೋಗಳನ್ನೂ ಪಕ್ಕದಲ್ಲಿಟ್ಟು ತಾರೀಖು ನೋಡಿದೆ. ಬೋರ್ಡಿನ ಮೇಲೆ ನಾನು ಬರೆದದ್ದು ನಿಜ; ಅವಳು ಕೇಳಿ ಎರಡು ವಾರವಾದ ಮೇಲೆ.