ಅವ್ವನ ಮುಗಿಯದ ಶುಕ್ರವಾರ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರ ಬಂತೆಂದರೆ ಅವ್ವ ಮಧ್ಯಾಹ್ನ ಉಣ್ಣುತ್ತಿರಲಿಲ್ಲ. ಬರೀ ಉಪವಾಸ ಯಾರು ಬೇಕಾದರೂ ಮಾಡುತ್ತಾರೆ. ಅವ್ವ ತನ್ನ ಪಾಲಿನ ಊಟವನ್ನು ತಟ್ಟೆಗೆ ಬಡಿಸಿ, ಹಸಿದವರೊಬ್ಬರನ್ನು ಹುಡುಕಿ ಕರೆತಂದು, ಅವರು ಉಂಡು ಕೈ ತೊಳೆಯುವವರೆಗೆ ಎದುರಿಗೇ ಕೂತಿರುತ್ತಿದ್ದಳು. ಸಂಡೂರಿನ ಕಡೆ ಯಶವಂತನಗರದಲ್ಲಿ ಗಣಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು. ಅಷ್ಟು ಜನಕ್ಕೆ ಬಡಿಸಿ ಬಂದ ಮೇಲೂ ಮನೆಯಲ್ಲಿ ಇದೇನು ಹುಚ್ಚು ಎಂದು ಕೇಳಿದರೆ, "ಅದು ಪಗಾರದ್ದು, ಇದು ದೇವರದ್ದು" ಅನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಈಗ ಅವ್ವನಿಗೆ ಎಂಬತ್ತೆರಡು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಇರುವವರು ತಾಯಿ ಮಗಳು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಮನೆಯಲ್ಲೇ ಕೂತು ಸೀರೆ ಮೇಲಿನ ಜಾಕೀಟು ಹೊಲಿಯುತ್ತೇನೆ. ಎರಡು ವರ್ಷದಿಂದ ಅವ್ವನಿಗೆ ಮರೆವು. ಮೊದಲು ನೆರೆಯವರ ಹೆಸರು ಹೋಯಿತು, ಆಮೇಲೆ ಜಪಸರದ ಪ್ರಾರ್ಥನೆಗಳು ಹೋದವು. ಅಷ್ಟೆಲ್ಲ ಒಯ್ದ ಮರೆವು ಶುಕ್ರವಾರವೊಂದನ್ನು ಬಿಟ್ಟು ಹೋಯಿತು. ಅವ್ವನಿಗೆ ಈಗ ದಿನವೂ ತಪಸ್ಸುಕಾಲದ ಶುಕ್ರವಾರವೇ. ತಟ್ಟೆ ಮುಂದಿಟ್ಟರೆ ಶಿಲುಬೆಯ ಗುರುತು ಹಾಕಿಕೊಂಡು ಆಚೆ ಸರಿಸುತ್ತಾಳೆ. "ಯಾರಿಗಾದ್ರೂ ಕೊಡು" ಅನ್ನುತ್ತಾಳೆ. ಸಂಜೆ ಒಂದು ಲೋಟ ಗಂಜಿ, ಅಷ್ಟೇ. ಶುಗರ್ ಬೇರೆ ಇದೆ. ಹೊಟ್ಟೆಗೆ ಬೀಳದೆ ಮಾತ್ರೆ ಕೊಟ್ಟರೆ ತಲೆಸುತ್ತಿ ಬೀಳುತ್ತಾಳೆ, ಕೊಡದಿದ್ದರೆ ಶುಗರ್ ಏರುತ್ತದೆ.

ಕೂಗಾಡಿದೆ. ಅತ್ತುಬಿಟ್ಟೆ. ಸುಳ್ಳೂ ಹೇಳಿದೆ. ಒಂದು ದಿನ ಮಟನ್ ಸಾರು ಮಾಡಿ, ಅವ್ವನಿಗೆ ಹೊಸ ಸೀರೆ ಉಡಿಸಿ, "ಇವತ್ತು ಈಸ್ಟರ್" ಅಂದೆ. ಅವ್ವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. "ಮತ್ತ ಚರ್ಚಿನ ಗಂಟಿ ಯಾಕ ಬಾರಿಸಲಿಲ್ಲ?" ಎಂದು ಕೇಳಿದಳು. ಸಾರಿನ ಪಾತ್ರೆ ಒಳಗೆ ಎತ್ತಿಟ್ಟೆ. ಪಕ್ಕದ ಮನೆಯಾಕೆ, ಸೋಮವಾರ ತಪ್ಪದೆ ಶಿವನ ಗುಡಿಗೆ ಹೋಗುವವಳು, "ನಮ್ಮ ಶ್ರಾವಣ ತಿಂಗಳಿಗೆ ಮುಗೀತೈತಿ, ನಿಮ್ಮವ್ವಂದು ಮುಗಿಯೂದು ಯಾವಾಗ?" ಎಂದು ನಗಿಸಲು ನೋಡಿದಳು. ನಾನೂ ನಕ್ಕೆ. ಒಳಗೆ ಬಂದು ಮಿಷನ್ ಮುಂದೆ ಕೂತರೆ ಕೈ ಓಡಲಿಲ್ಲ.

ಕೊನೆಗೆ ಚರ್ಚಿನ ಫಾದರ್ ಅವರನ್ನೇ ಕರೆತಂದೆ. ಅವರು ಹತ್ತಿರ ಕೂತು, "ಅವ್ವಾ, ವಯಸ್ಸಾದವರಿಗೆ ಉಪವಾಸ ಇಲ್ಲ. ಊಟ ಮಾಡಿದ್ರೆ ಪಾಪ ಅಲ್ಲ" ಎಂದರು.

"ವಯಸ್ಸಾದ್ರ ಹಸಿದವ್ರಿಗೆ ಹಸಿವು ಬಿಡ್ತೈತೇನ್ರಿ, ಫಾದರ್?" ಅಂದಳು ಅವ್ವ.

ಅವರು ಅವಳ ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಿ ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಇದನ್ನೆಲ್ಲ ಕಲಿಸಿದವರು ನಾವೇ ಅಲ್ವಾ" ಎಂದರು.

ಇನ್ನೂ ತೂಕ ಇಳಿದರೆ ಮೂಗಿನಿಂದ ಪೈಪು ಹಾಕಬೇಕು ಎಂದು ಡಾಕ್ಟರು ಹೇಳಿದ್ದಾರೆ. ಕಿತ್ತುಕೊಳ್ಳದ ಹಾಗೆ ಕೈ ಕಟ್ಟಬೇಕಾಗಬಹುದಂತೆ. ಅಷ್ಟು ಜನಕ್ಕೆ ಬಡಿಸಿದ ಕೈಯನ್ನು ಮಂಚಕ್ಕೆ ಹೇಗೆ ಕಟ್ಟಲಿ? ದೇವರ ಮೇಲೆ ನನಗೆ ಸಿಟ್ಟಿದೆ, ಅದನ್ನು ಅವನಿಗೇ ಹೇಳಿದ್ದೇನೆ.

ಹೋದ ವಾರ ದಾರ, ಹುಕ್ಕು ತರಲು ಪೇಟೆಗೆ ಹೋಗಿದ್ದೆ. ಉರಿಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ವಾಪಸ್ ಬಂದರೆ ಅವ್ವ ಹೊಸ್ತಿಲಲ್ಲಿ ಕೂತಿದ್ದಾಳೆ. ಅವಳಿಗೆಂದು ಮುಚ್ಚಿಟ್ಟು ಹೋಗಿದ್ದ ರೊಟ್ಟಿ, ಹೆಸರುಕಾಳು ಪಲ್ಯದ ತಟ್ಟೆ ತೊಡೆಯ ಮೇಲೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾವೂರವ್ವ ನಿಂದು? ಭಾಳ ದಣಿದೀ. ಬಾ, ಕುಂದ್ರು."

"ಅವ್ವಾ, ನಾನು. ನಿನ್ನ ಮಗಳು."

"ಮಗಳು ಪ್ಯಾಟಿಗೆ ಹೋಗ್ಯಾಳ. ಆಕಿ ಬರೂದ್ರೊಳಗ ಜಲ್ದಿ ಉಂಡ್ಬಿಡು. ಬಂದ್ರ ಬೈತಾಳ."

"ನೀ ಉಣ್ಣು, ನನಗ ಬ್ಯಾಡ" ಅಂದೆ. ಅವಳ ಮುಖ ಸಣ್ಣದಾಯಿತು. ನಾನು ಒಲ್ಲೆ ಎಂದರೆ ಆ ತಟ್ಟೆ ಹಿಡಿದು ಕತ್ತಲಾಗುವವರೆಗೆ ಅಲ್ಲೇ ಕೂರುತ್ತಾಳೆ, ಗಂಜಿಯನ್ನೂ ಮುಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು. ಕೂತೆ. ಅವ್ವ ನನ್ನ ತಲೆ ಸವರಿದಳು. ಹಾಗೆ ಸವರಿ ಎಷ್ಟು ವರ್ಷವಾಗಿತ್ತೋ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ.

"ನಾಚ್ಕೋಬ್ಯಾಡ, ಹೊಟ್ಟಿ ತುಂಬ ಉಣ್ಣು" ಅಂದಳು. ತಿಂಗಳುಗಟ್ಟಲೆ ಕಾಣದ ಗೆಲುವು ಅವಳ ಮುಖದಲ್ಲಿತ್ತು. ಬಳೆ ಮೊಣಕೈವರೆಗೆ ಜಾರುವಷ್ಟು ಬಡಕಲಾದ ಕೈಯಿಂದ ಎರಡನೇ ರೊಟ್ಟಿಯನ್ನು ನನ್ನ ಕಡೆ ಸರಿಸಿದಳು. ಕೊನೆಯ ತುತ್ತಿನವರೆಗೂ ಅವಳು ನೋಡುತ್ತಲೇ ಇದ್ದಳು. ನಾನು ಅವ್ವನ ಊಟವನ್ನು ಪೂರ್ತಿ ಉಂಡೆ.