ಸೂರ್ಯ ತಿರುಗಿದ ದಿನ ಮಳೆ

ಹಾಕರ್ ಸೆಂಟರಿನ ಮೂಲೆಯ ಅಂಗಡಿಯಲ್ಲಿ ಯಾರೋ ಎಳ್ಳು ಹುರಿಯುತ್ತಿದ್ದರು. ಮೊನ್ನೆ ಬುಧವಾರ, ಡಿಸೆಂಬರ್ ಇಪ್ಪತ್ತೆರಡು. ನೂಡಲ್ಸ್ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಮೊದಲು ಒಣ ವಾಸನೆ, ಆಮೇಲೆ ಚಟಪಟ ಸದ್ದು, ಆಮೇಲೆ ಎಣ್ಣೆ ಬಿಡುವ ಹೊತ್ತಿನ ಆ ಘಮ... ಏಳು ವರ್ಷದ ಹಿಂದೆ ಕಲ್ಲಾಂಗ್‌ನಲ್ಲಿ, ನಮ್ಮ ಬ್ಲಾಕಿನ ಒಂಬತ್ತನೇ ಮಹಡಿಯ ಅಡುಗೆಮನೆಯಿಂದ ಬರುತ್ತಿದ್ದದ್ದು ಇದೇ ಘಮ. ಅಲ್ಲಿ ಆಂಟಿ ಇದ್ದರು.

ಆಂಟಿ ಮೈಸೂರಿನ ಹೈಸ್ಕೂಲೊಂದರಲ್ಲಿ ಹದಿನೈದು ವರ್ಷ ವಿಜ್ಞಾನ ಕಲಿಸಿದವರು. ಗಂಡನಿಗೆ ಭೂಮಧ್ಯರೇಖೆಯ ಪಕ್ಕದ ಈ ದ್ವೀಪದಲ್ಲಿ ಕೆಲಸ ಸಿಕ್ಕಾಗ ರಾಜೀನಾಮೆ ಕೊಟ್ಟು ಬಂದಿದ್ದರು. ಇಲ್ಲಿ ಅವರಿಗೆ ಸ್ಕೂಲಿರಲಿಲ್ಲ. ಆರನೇ ಮಹಡಿಯಲ್ಲಿ ನಾನಿದ್ದೆ. ನನಗೆ ಹತ್ತು ವರ್ಷ. ಕನ್ನಡ ಮರೆಯದಿರಲಿ ಎಂದು ಅಮ್ಮ ಕೊಡಿಸಿದ್ದ ಡೈರಿಯಲ್ಲಿ ಬಸ್ಸು ಎಷ್ಟು ನಿಮಿಷ ತಡವಾಯಿತು, ಲಿಫ್ಟು ಎಷ್ಟು ಸಲ ಕೆಟ್ಟಿತು ಎಂದು ಬರೆಯುತ್ತಿದ್ದೆ. ಅದನ್ನು ಓದಿ ನಗದೇ ಇದ್ದವರು ಆಂಟಿ ಒಬ್ಬರೇ.

ಸಂಕ್ರಾಂತಿಗೆ ಅವರು ಮೂವತ್ತೊಂದು ಮನೆಗೆ ಎಳ್ಳು ಬೀರುತ್ತಿದ್ದರು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಬೆಲ್ಲದ ಅಚ್ಚು ಒಡೆದು, ಎಲ್ಲವನ್ನೂ ಕಡಲೆಬೀಜದ ಅರ್ಧದಷ್ಟಕ್ಕೆ ಹೆಚ್ಚುತ್ತಿದ್ದರು. ಇಲ್ಲಿನ ಸೆಕೆಗೆ ಬೆಲ್ಲ ಬೇಗ ಜಿನುಗುತ್ತದೆಂದು ಅದನ್ನು ಫ್ಯಾನಿನ ಕೆಳಗೆ ಹರಡಿ, ಕಡೆಯ ಗಳಿಗೆಯಲ್ಲಿ ಬೆರೆಸುತ್ತಿದ್ದರು.

ತೊಂಬತ್ತೆರಡರ ಸಂಕ್ರಾಂತಿಯ ಸಂಜೆ ಅವರ ಮನೆ ತುಂಬ ಜನ. ಬ್ಯಾಂಕಿನಲ್ಲಿದ್ದ ಒಬ್ಬ ಅಂಕಲ್ ಎಳ್ಳುಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿದರು:

"ಮೇಡಂ, ಊರಲ್ಲಾದ್ರೆ ಚಳಿಗೆ ತುಟಿ ಒಡೀತದೆ, ಎಳ್ಳು ತಿಂತಾರೆ. ಸುಗ್ಗಿ ಇರತ್ತೆ, ಹಬ್ಬ ಮಾಡ್ತಾರೆ. ಇಲ್ಲಿ ವರ್ಷವಿಡೀ ಎಸಿ ಆನ್. ಇದ್ಯಾವ ಸಂಕ್ರಾಂತಿ ರೀ? ಬರೀ ಕ್ಯಾಲೆಂಡರ್ ಸಂಕ್ರಾಂತಿ."

ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ. "ಚಳಿ, ಸುಗ್ಗಿ ಎಲ್ಲ ಆಮೇಲೆ. ಮೂಲದಲ್ಲಿ ಇದು ಸೂರ್ಯನ ಹಬ್ಬ. ದಕ್ಷಿಣಕ್ಕೆ ಹೋದವನು ಉತ್ತರಕ್ಕೆ ತಿರುಗ್ತಾನೆ. ಇಲ್ಲೂ ತಿರುಗ್ತಾನೆ."

"ಇಲ್ಲಿ ದಿನಾ ಏಳು ಗಂಟೆಗೆ ಹುಟ್ತಾನೆ, ಏಳು ಗಂಟೆಗೆ ಮುಳುಗ್ತಾನೆ. ಎಲ್ಲಿ ತಿರುಗ್ತಾನೆ ತೋರ್ಸಿ."

"ಮುಂದಿನ ವರ್ಷ ಬನ್ನಿ, ತೋರಿಸ್ತೀನಿ," ಎಂದರು ಆಂಟಿ. ನಗು ಇನ್ನೂ ಜೋರಾಯಿತು. ಆಗ ಅವರು ನನ್ನ ಕಡೆ ನೋಡಿದರು. "ಇವಳು ಅಳೀತಾಳೆ."

ಹಾಗಾಗಿ ಆ ವರ್ಷದ ಡಿಸೆಂಬರ್ ಒಂದರಿಂದ ಶುರು ಮಾಡಿದೆವು. ಬಿಸ್ಕತ್ತಿನ ಡಬ್ಬಕ್ಕೆ ಮರಳು ತುಂಬಿ ಅದರಲ್ಲಿ ಒಂದು ಕೋಲು ನಿಲ್ಲಿಸಿದೆವು. ಮರಳಿನಿಂದ ಮೇಲಕ್ಕೆ ಸರಿಯಾಗಿ ಒಂದು ಮೀಟರ್. ಕೋಲು ನೆಟ್ಟಗಿದೆಯೇ ಎಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ಬ್ಲಾಕಿನ ತಳದ ತೆರೆದ ಜಾಗವಾದ ವಾಯ್ಡ್ ಡೆಕ್ಕಿನ ಹೊರಗಿನ ಸಿಮೆಂಟು ನೆಲದಲ್ಲಿ, ಇಲ್ಲಿನ ನಡುಹಗಲಿನ ಹೊತ್ತು, ಹನ್ನೆರಡೂಮುಕ್ಕಾಲಿನಿಂದ ಒಂದೂಕಾಲರವರೆಗೆ, ಐದೈದು ನಿಮಿಷಕ್ಕೆ ನಾನು ನೆರಳು ಅಳೆಯಬೇಕು. ಅದರಲ್ಲಿ ಅತಿ ಚಿಕ್ಕದನ್ನು ಒಂದು ಪುಸ್ತಕದಲ್ಲಿ ಆ ದಿನದ ಎದುರು ಬರೆಯಬೇಕು. ಸೂರ್ಯ ದಕ್ಷಿಣಕ್ಕೆ ಹೋದಷ್ಟೂ ನೆರಳು ಉದ್ದವಾಗುತ್ತದೆ, ತಿರುಗಿದ ಮೇಲೆ ಗಿಡ್ಡವಾಗುತ್ತದೆ. ಇಷ್ಟೇ ಪಾಠ.

"ಇವತ್ತು ಬಿಸಿಲೇ ಇಲ್ಲ ಲಾ, ಆಂಟಿ."

"ಇಲ್ಲಿಯೋರ ತರ ಲಾ ಗೀ ಎಲ್ಲ ಬೇಡ. ಮಳೆ ಅಂತ ಬರಿ. ಖಾಲಿ ಬಿಡಬೇಡ."

ಡಿಸೆಂಬರ್ ಒಂದಕ್ಕೆ ನೆರಳು ನಲವತ್ತೆರಡೂಮುಕ್ಕಾಲು ಸೆಂಟಿಮೀಟರ್. ದಿನದಿನಕ್ಕೆ ಬೆಳೆಯಿತು. ಇಪ್ಪತ್ತೊಂದಕ್ಕೆ ನಲವತ್ತಾರು. ಇಪ್ಪತ್ತೆರಡು, ಮಳೆ. ಇಪ್ಪತ್ಮೂರಕ್ಕೆ ಮತ್ತೆ ನಲವತ್ತಾರು. ಇನ್ನೂ ಬೆಳೆಯುತ್ತದೆಂದು ಕಾದೆ. ಕ್ರಿಸ್‌ಮಸ್ ಕಳೆದ ಮೇಲೆ ಅದು ಇಳಿಯತೊಡಗಿತು. ಹೊಸ ವರ್ಷಕ್ಕೆ ನಲವತ್ತೈದೂಕಾಲು ಸಹ ಇರಲಿಲ್ಲ.

ಸಂಕ್ರಾಂತಿಗೆ ಇನ್ನೂ ಎರಡು ವಾರ ಇತ್ತು, ಸೂರ್ಯ ಆಗಲೇ ತಿರುಗಿಬಿಟ್ಟಿದ್ದ! ಅಷ್ಟು ಜನರ ಮುಂದೆ ಆಂಟಿ ಮಾತು ಕೊಟ್ಟಿದ್ದರು. ನನ್ನ ಪುಸ್ತಕ ತೆರೆದರೆ ಅವರೇ ಸುಳ್ಳಾಗುತ್ತಿದ್ದರು. ಯಾರಿಗೂ ಹೇಳದೆ ಬೇರೆ ಹಾಳೆ ತೆಗೆದುಕೊಂಡು, ಗೆರೆ ಎಳೆದು, ಜನವರಿ ಹದಿಮೂರರವರೆಗೂ ನೆರಳು ಬೆಳೆಯುವ ಹಾಗೆ ಹೊಸ ಲೆಕ್ಕ ಬರೆದೆ. ನಲವತ್ತನಾಲ್ಕು ದಿನ, ನಲವತ್ತನಾಲ್ಕು ಅಳತೆ. ಬಹಳ ಚೆನ್ನಾಗಿ ಕಾಣುತ್ತಿತ್ತು.

ಹಬ್ಬದ ಹಿಂದಿನ ಸಂಜೆ ಆ ಹಾಳೆ ಹಿಡಿದು ಮೇಲಕ್ಕೆ ಹೋದೆ. ಆಂಟಿ ನೆಲದ ಮೇಲೆ ಕೂತು ಕೊಬ್ಬರಿ ಹೆಚ್ಚುತ್ತಿದ್ದರು. ಕನ್ನಡಕ ಏರಿಸಿ ಓದಿದರು. ಒಂದು ಕಡೆ ಬೆರಳಿಟ್ಟರು.

"ಡಿಸೆಂಬರ್ ಇಪ್ಪತ್ತೆಂಟು. ಬಿಸಿಲಿತ್ತಾ?"

"ಇತ್ತು..."

"ಅವತ್ತು ಕಿಟಕಿಯಾಚೆ ಒಣಹಾಕಿದ್ದ ನನ್ನ ಸೀರೆ ಬಿದಿರಿನ ಕೋಲಿನ ಮೇಲೇ ನೆನೀತು ಕಣೇ. ಎರಡು ದಿನ ಒಣಗಲಿಲ್ಲ. ಅಳತೆಯ ಪುಸ್ತಕ ಎಲ್ಲಿ?"

ಅಳುತ್ತಾ ಹೋಗಿ ತಂದೆ. ಅವರು ನಿಧಾನವಾಗಿ, ಮಳೆ ಎಂದು ಬರೆದ ಹದಿನೇಳು ಸಾಲುಗಳ ಸಮೇತ, ಪೂರ್ತಿ ಓದಿದರು. ಇಪ್ಪತ್ತೊಂದು ಮತ್ತು ಇಪ್ಪತ್ಮೂರರ ಸಾಲುಗಳನ್ನು ಎರಡು ಸಲ ನೋಡಿದರು.

"ಹಬ್ಬ ತಪ್ಪಾಯ್ತಾ ಆಂಟಿ?"

"ಇಲ್ಲ ಪುಟ್ಟಿ. ಮಕರ ರಾಶಿಯ ನಕ್ಷತ್ರಗಳ ಹತ್ತಿರ ಸೂರ್ಯ ಬಂದ ದಿನ ಹಬ್ಬ. ಸುಮಾರು ಸಾವಿರದ ಏಳುನೂರು ವರ್ಷದ ಹಿಂದೆ, ಅವನು ಅಲ್ಲಿಗೆ ಬರೋದು, ತಿರುಗೋದು ಎರಡೂ ಒಟ್ಟಿಗೇ ಆಗ್ತಿತ್ತು. ಭೂಮಿ ಬುಗುರಿ ತರ ಓಲಾಡತ್ತೆ. ಎಪ್ಪತ್ತು ವರ್ಷಕ್ಕೊಂದು ದಿನ ಜಾರ್ತಾ ಜಾರ್ತಾ ಇಷ್ಟು ದೂರ ಆಗಿದೆ."

"ನಿಮಗೆ ಮೊದಲೇ ಗೊತ್ತಿತ್ತಾ?"

ಕೊಬ್ಬರಿ ಹೆಚ್ಚುವುದು ನಿಂತಿತು. "ಓದಿದ್ದೆ. ಹದಿನೈದು ವರ್ಷ ಪಾಠಾನೂ ಮಾಡಿದ್ದೆ. ನೋಡಿರಲಿಲ್ಲ." ಪುಸ್ತಕವನ್ನು ನನ್ನ ಕಡೆ ಸರಿಸಿ, "ನೀನು ತೋರಿಸಿದೆ," ಎಂದರು.

ಆಮೇಲೆ ನನ್ನ ಚೆಂದದ ಹಾಳೆಯನ್ನು ಮಡಚಿ ಕೊಬ್ಬರಿ ಸಿಪ್ಪೆಯ ಜೊತೆ ಕಸಕ್ಕೆ ಹಾಕಿದರು. ಬೈಯಲಿಲ್ಲ.

ಮಾರನೆಯ ಸಂಜೆ ಎಲ್ಲರೂ ಸೇರಿದಾಗ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ನಿಜವಾದ ಪುಸ್ತಕವನ್ನೇ ಓದಿಸಿದರು. ಬ್ಯಾಂಕಿನ ಅಂಕಲ್ ತಟ್ಟನೆ ಹಿಡಿದರು.

"ಹಾಗಾದ್ರೆ ನಾವು ಮೂರು ವಾರ ಲೇಟು!"

"ಹೌದು, ಲೇಟು," ಎಂದರು ಆಂಟಿ, ಸ್ವಲ್ಪವೂ ಅಳುಕದೆ. "ನೀವು ತಿರುಗೋದೇ ಇಲ್ಲ ಅಂದಿದ್ರಿ. ಭಾನುವಾರ ಕೆಳಗೆ ಬನ್ನಿ, ನೀವೇ ಅಳೀರಿ."

ಅಂಕಲ್ ನಿಜವಾಗಿಯೂ ಬಂದರು, ಚಡ್ಡಿ ಹಾಕಿಕೊಂಡು. ಗುರುವಾರ, ಹಬ್ಬದ ದಿನ, ನೆರಳು ನಲವತ್ತೊಂದೂವರೆ ಇತ್ತು. ಭಾನುವಾರ ಅವರು ಬಿಸಿಲಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಆರು ಸಲ ಅಳೆದರು. ನಲವತ್ತೂವರೆ. ಮೂರು ದಿನಕ್ಕೆ ಒಂದು ಸೆಂಟಿಮೀಟರ್. ಟೇಪು ಹಿಡಿದುಕೊಂಡೇ ತಲೆಯೆತ್ತಿ ನೋಡಿ, ಕಣ್ಣು ಕಿರಿದು ಮಾಡಿ, "ಬರ್ತಾ ಇದಾನಲ್ರೀ..." ಎಂದರು. ಆಂಟಿ ಸೆರಗಿನಿಂದ ಬೆವರು ಒರೆಸಿಕೊಂಡು ನನ್ನ ಭುಜದ ಮೇಲೆ ಕೈಯಿಟ್ಟರು. ಆ ಕೈಯ ಭಾರ ಇವತ್ತಿಗೂ ಗೊತ್ತಾಗುತ್ತದೆ.

ತೊಂಬತ್ತೈದರಲ್ಲಿ ಅವರು ಮೈಸೂರಿಗೆ ವಾಪಸು ಹೋದರು. ಡಬ್ಬ, ಕೋಲು ನನಗೆ ಬಿಟ್ಟುಹೋದರು. ಪ್ರತಿ ಡಿಸೆಂಬರಿನ ಲೆಕ್ಕವನ್ನು ನಾನು ಅಂಚೆಯಲ್ಲಿ ಕಳಿಸುತ್ತಿದ್ದೆ. ಅವರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ವಾಪಸು ಕಳಿಸುತ್ತಿದ್ದರು. ಏನು ವಿಚಿತ್ರವೋ, ನನ್ನ ಪುಸ್ತಕದಲ್ಲಿ ಇಪ್ಪತ್ತೆರಡನೇ ತಾರೀಖಿನ ಎದುರು ಪ್ರತಿ ವರ್ಷವೂ ಮಳೆ ಎಂದೇ ಇದೆ. ಈ ಆಗಸ್ಟಿನಲ್ಲಿ ಮೈಸೂರಿನಿಂದ ಬಂದ ಕಾಗದದಲ್ಲಿ ಕೆಂಪು ಶಾಯಿ ಇರಲಿಲ್ಲ. ಅವರ ಗಂಡ ಬರೆದಿದ್ದರು...

ಮೊನ್ನೆ ಹಾಕರ್ ಸೆಂಟರಿನಲ್ಲಿ ಆ ಅಂಗಡಿಯ ಮುದುಕಮ್ಮ ಹುರಿದ ಎಳ್ಳನ್ನು ಸಕ್ಕರೆಯ ಜೊತೆ ಕುಟ್ಟಿ, ಅಕ್ಕಿ ಹಿಟ್ಟಿನ ಉಂಡೆಗಳಿಗೆ ತುಂಬುತ್ತಿದ್ದಳು. ನಾನು ನೋಡುತ್ತಲೇ ನಿಂತಿದ್ದಕ್ಕೆ ಒಂದು ಬಟ್ಟಲು ನನ್ನ ಕಡೆ ತಳ್ಳಿದಳು. ಚೀನೀಯರಿಗೆ ಅವತ್ತು ಹಬ್ಬವಂತೆ. ಯಾಕೆಂದು ಕೇಳಿದೆ. "ಟುಡೇ ಸನ್ ಕಮ್ ಬ್ಯಾಕ್ ಲಾ," ಎಂದಳು.

ಇಷ್ಟು ವರ್ಷ ಇದೇ ಊರಲ್ಲಿ, ಸರಿಯಾದ ದಿನಕ್ಕೇ, ಎಳ್ಳು ಹುರಿಯುವ ಹಬ್ಬವೊಂದು ನಡೆಯುತ್ತಿತ್ತು. ಆಂಟಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅವರು ಈ ಮುದುಕಮ್ಮನಿಗೆಂದು ಮೂವತ್ತೆರಡನೇ ಪೊಟ್ಟಣ ಕಟ್ಟುತ್ತಿದ್ದರು.

ಗಡಿಯಾರ ನೋಡಿದೆ. ಹನ್ನೆರಡೂವರೆ. ಹೊರಗೆ ಒಳ್ಳೆಯ ಬಿಸಿಲಿತ್ತು. ಮನೆಗೆ ಓಡಿ ಡಬ್ಬ ಇಳಿಸಿಕೊಂಡು ಬಂದೆ. ನಲವತ್ತಾರು ಸೆಂಟಿಮೀಟರ್. ಇಪ್ಪತ್ತೆರಡರ ಸಾಲಿನಲ್ಲಿ ಮೊದಲ ಸಲ ಒಂದು ಅಂಕಿ ಬರೆದೆ. ಅದರ ಪಕ್ಕ ಸರಿ ಗುರುತು ಹಾಕಲು ಕೆಂಪು ಪೆನ್ನು ತೆಗೆದವಳು, ಮುಚ್ಚಳ ಹಾಕಿ ಹಾಗೇ ಇಟ್ಟೆ.