ಮರುದಿನ ಬೆಳಗಿನ ಚಹಾ

ನೀರು ಕಾಯಿಸುವ ಕರೆಂಟಿನ ಕೆಟಲ್ ಕುದಿದು, ಟಕ್ ಎಂದು ತಾನೇ ಆಫ್ ಆಯಿತು. ಕೋರ್ಟಿನ ಜ್ಯೂರಿ ಕೋಣೆಯಲ್ಲಿ, ತೀರ್ಪು ಹೇಳಬೇಕಾದ ಹನ್ನೆರಡು ಮಂದಿಯ ಲೋಟಗಳಿಗೆ ಚಹಾ ಸುರಿದವಳು ಅವರಲ್ಲೇ ಒಬ್ಬಳಾದ ಗ್ಲೆನಿಸ್ ಹಾರ್ಟಿಗನ್. ಯಾರೂ ಹೇಳಿರಲಿಲ್ಲ, ಅಭ್ಯಾಸ. ವಿಕ್ಟೋರಿಯಾದ ಕುರಿಸೀಮೆಯಲ್ಲಿ ಉಣ್ಣೆ ಕತ್ತರಿಸುವವರ ತಂಡಗಳ ಹಿಂದೆ ಮೂವತ್ತೊಂದು ವರ್ಷ ತಿರುಗಿ ಅಡುಗೆ ಮಾಡಿದ ಹೆಂಗಸು. ಬೆಳಿಗ್ಗೆ ಕುರಿಮಾಂಸದ ತುಂಡು, ಮೊಟ್ಟೆ. ಒಂಬತ್ತೂವರೆಗೆ ಚಹಾ, ಕೇಕು. ಅಡುಗೆಯವಳು ಒಂದು ಹೊತ್ತು ತಪ್ಪಿಸಿದರೆ ಸಾಕು, ಉಣ್ಣೆ ಕತ್ತರಿಸುವ ಮುಂದಿನ ಶೆಡ್ಡಿಗೆ ಅವಳಿಗಿಂತ ಮೊದಲು ಅವಳ ಕೆಟ್ಟ ಹೆಸರು ತಲುಪಿರುತ್ತದೆ.

ಮೊಕದ್ದಮೆಯೂ ಅಂಥದೇ ಶೆಡ್ಡಿನದು. ಕತ್ತರಿಸಿದ ಉಣ್ಣೆ ಎತ್ತಿಹಾಕುವ ಇಪ್ಪತ್ತೆರಡರ ಟೀಗನ್, ತಂಡದ ಮೇಸ್ತ್ರಿ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದಿದ್ದಳು. ಆದರೆ ಮರುದಿನ ಬೆಳಿಗ್ಗೆ ಅವನ ಕೈಗೇ ಚಹಾ ಕೊಟ್ಟಿದ್ದಳು. ಅವನ ವಕೀಲ ಎರಡು ದಿನ ತನ್ನ ವಾದದಲ್ಲಿ ಆ ಲೋಟವನ್ನು ಕೆಳಗಿಡಲಿಲ್ಲ.

"ಅಂಥವನಿಗೆ ಯಾರಾದ್ರೂ ಚಹಾ ಕೊಡ್ತಾರೇನ್ರಪ್ಪ?" ಎಂದ ಲಾರಿ ಓಡಿಸುವ ಡೆಸ್. "ನಾನಾಗಿದ್ರೆ ತಲೆ ಮೇಲೇ ಸುರೀತಿದ್ದೆ."

"ನಿನ್ನ ಹೆಂಡ್ತಿ ಎದುರು ಬಾಯಿ ಬಿಡೋಕೆ ಹೆದರ್ತೀಯ, ಸುಮ್ನಿರು," ಎಂದಳು ನರ್ಸ್ ಮೊಯ್ರಾ. ಹುಡುಗಿಯನ್ನು ನಂಬಿ ಉಳಿದಿದ್ದವಳು ಅವಳೊಬ್ಬಳೇ. ಆಮೇಲೆ ಅವಳೇ ಗ್ಲೆನಿಸ್ ಕಡೆ ತಿರುಗಿದಳು. "ಗ್ಲೆನ್, ಶೆಡ್ಡಿನ ಬದುಕು ಕಂಡೋಳು ನೀನು. ನೀನೇ ಹೇಳು. ಕೊಡ್ತಾರಾ?"

ಕೊಡುತ್ತಾರೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಗ್ಲೆನಿಸ್ ಕೊಟ್ಟಿದ್ದಳು. ಹಿಂದಿನ ರಾತ್ರಿ ತನ್ನ ಕೋಣೆಯ ಬಾಗಿಲು ತಳ್ಳಿ ಒಳಬಂದವನ ತಟ್ಟೆಗೆ ಬಡಿಸಿ, "ಇನ್ನೊಂದು ಮೊಟ್ಟೆ ಹಾಕ್ಲಾ?" ಎಂದು ಕೇಳಿದ್ದಳು. ಸಾಲಿನಲ್ಲಿ ಇನ್ನೂ ಹದಿನೆಂಟು ಗಂಡಸರು ಕಾಯುತ್ತಿದ್ದರು. ಅದನ್ನವಳು ಯಾರಿಗೂ ಹೇಳಲಿಲ್ಲ. ತಾನೇ ಕೈಯಾರೆ ಬಡಿಸಿದ ಮೇಲೆ ನಡೆದದ್ದು ಅಂಥದ್ದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡು ವರ್ಷಗಳನ್ನು ದೂಡಿದ್ದಳು. ಈ ಹುಡುಗಿಯದು ನಿಜವಾದರೆ ತನ್ನದೂ ನಿಜವಾಗಬೇಕು.

"ಇಲ್ಲ," ಎಂದಳು. "ಕೊಡಲ್ಲ."

ಊಟದ ಹೊತ್ತಿಗೆ ಮೇಸ್ತ್ರಿಯನ್ನು ಬಿಡುವ ಪರವಾಗಿ ಮೊಯ್ರಾಳ ಕೈಯೂ ಉಳಿದವರ ಜೊತೆ ಎದ್ದಿತು.

ಕೋರ್ಟಿನಲ್ಲಿ ತೀರ್ಪನ್ನು ನಿರಪರಾಧಿ ಎಂದು ಓದಿದಾಗ ಟೀಗನ್ ಅಳಲಿಲ್ಲ. ಎದ್ದು ನಿಂತು ತನ್ನ ಚೀಲ ಹುಡುಕತೊಡಗಿದಳು. ಅದು ಅವಳ ಹೆಗಲಲ್ಲೇ ಇತ್ತು.

ಹೊರಗೆ ಕಾರುಗಳ ಬಳಿ ಡೆಸ್ ಹಗುರಾಗಿದ್ದ. "ನೀನಿಲ್ದಿದ್ರೆ ಇನ್ನೊಂದು ವಾರ ಇಲ್ಲೇ ಕೊಳೀತಿದ್ವಿ ನೋಡು. ನಡಿ, ಬಿಯರ್ ನಂದು."

"ಡೆಸ್, ಆ ಹುಡುಗಿ..."

"ಎಳೇ ವಯಸ್ಸು, ಮರೀತಾಳೆ ಬಿಡು. ಎಲ್ರೂ ಮರೀತಾರೆ. ಅಲ್ಲಾ, ಮೊಯ್ರಾ ಮುಖ ನೋಡಿದ್ಯಾ ನೀನು..."

ಅವನ ಮಾತು ಇನ್ನೂ ಮುಗಿದಿರಲಿಲ್ಲ. ಗ್ಲೆನಿಸ್ ತನ್ನ ಕಾರನ್ನು ಅಲ್ಲೇ ಬಿಟ್ಟು, ಆಚೆ ಬದಿಯಲ್ಲಿ ಚೀಲ ಹೊತ್ತು ನಿಂತಿದ್ದ ಟೀಗನ್ ಕಡೆಗೆ ರಸ್ತೆ ದಾಟುತ್ತಿದ್ದಳು.